ದೇವರು ಬಂದ್ ಮಾಡದ ಮೈಕು

ನಮ್ಮ ಅಣ್ಣ ಇರುವುದು ಹಾವೇರಿಯಲ್ಲಿ, ನಮ್ಮ ಸಭೆ ಇರುವುದು ರಾಣೆಬೆನ್ನೂರಿನಲ್ಲಿ, ನಾನು ಇರುವುದು ಇವೆರಡರ ನಡುವೆ, ಬ್ಯಾಡಗಿಯಲ್ಲಿ. ನಾನು ಮಾಡಿದ ತಪ್ಪಿನ ಅರ್ಧ ಈ ಮಾತಿನಲ್ಲೇ ಇದೆ. ನಡುವೆ ಕುಳಿತವನು ಆ ಕಡೆಯವರು ಬಂದರೂ ಹೂಂ ಅನ್ನುತ್ತಾನೆ, ಈ ಕಡೆಯವರು ಬಂದರೂ ಹೂಂ ಅನ್ನುತ್ತಾನೆ. ನಾನು ಹಾಗೆ ಹೂಂ ಅಂದುಕೊಂಡೇ ನಲವತ್ತು ದಾಟಿದವನು.

ನನ್ನದು ಮೈಕ್ ಸೆಟ್ ಮತ್ತು ಶಾಮಿಯಾನದ ಉದ್ಯೋಗ. ಮದುವೆ, ಸೀಮಂತ, ಮೆಣಸಿನಕಾಯಿ ವ್ಯಾಪಾರಿಗಳ ಮೀಟಿಂಗು, ಎಲ್ಲದಕ್ಕೂ ಕುರ್ಚಿ, ಸ್ಪೀಕರ್ ಬಾಕ್ಸು, ಮೈಕು ನನ್ನಲ್ಲಿಂದಲೇ ಹೋಗುತ್ತವೆ. ಶಾಲೆ ಬಿಟ್ಟದ್ದು ಏಳನೇ ಇಯತ್ತೆಗೆ. ಯಾರೂ ಬಿಡಿಸಲಿಲ್ಲ. ಲೆಕ್ಕದ ಮಾಸ್ತರರಿಗೆ ನಾನು ಬೇಡವಾಗಿದ್ದೆ, ನನಗೆ ಅವರು ಬೇಡವಾಗಿದ್ದರು, ಇಬ್ಬರೂ ಸಮಾಧಾನದಿಂದ ಬೇರೆಯಾದೆವು. ಅಣ್ಣ ಹಾಗಲ್ಲ. ಓದಿ ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾದ. ಮದುವೆಯ ಕಾರ್ಡು ಕೈಗೆ ಬಂದರೆ ಅವನು ಹುಡುಗಿ ಯಾರ ಮಗಳು ಎಂದು ನೋಡುವವನಲ್ಲ. ‘ಆಶೀರ್ವಾದ’ದ ಅರ್ಕಾವೊತ್ತು ಎಲ್ಲಿ ಬಿದ್ದಿದೆ ಎಂದು ಮೊದಲು ನೋಡುತ್ತಾನೆ.

ಅಪ್ಪ ರಾಣೆಬೆನ್ನೂರಿನ ಹಳೆಯ ಕ್ರೈಸ್ತ ಸಭೆಯಲ್ಲಿ ಗಂಟೆ ಹೊಡೆದು, ಬೆಂಚು ಒರೆಸಿ ಆಯುಷ್ಯ ಕಳೆದವನು. ದೇವಾಲಯದ ಹಿಂದಿನ ಎರಡು ಕೋಣೆಗಳ ಮನೆಯಲ್ಲಿ ನಾವಿಬ್ಬರೂ ಬೆಳೆದೆವು. ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು. ಆದರೂ ಮೂವರು ದೇವರಲ್ಲ, ದೇವರು ಒಬ್ಬನೇ. ಇದನ್ನು ನಾವು ಮಗ್ಗಿಗಿಂತ ಮೊದಲು ಬಾಯಿಪಾಠ ಮಾಡಿದ್ದೆವು. ಅದು ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಒಮ್ಮೆ ಮಾತ್ರ ರವಿವಾರದ ಶಾಲೆಯ ಅಕ್ಕೋರು ತಾವಾಗಿಯೇ ಬಿಡಿಸಿ ಹೇಳಲು ಹೋದರು.

“ನೋಡ್ರಿ ಹುಡುಗರ, ಒಂದ ಹೊಲ ಐತಿ ಅಂತ ತಿಳೀರಿ. ಅದರ ಉತಾರ ಕಾಗದದಾಗ ಮೂರು ಮಂದಿ ಅಣ್ತಮ್ಮಂದಿರ ಹೆಸರು ಬಂದಾವು. ಹಂಗಂತ ಹೊಲ ಮೂರ ಆತೇನು? ಒಂದ.”

ನನ್ನ ಪಕ್ಕದ ಹುಡುಗಿ ಕೈ ಎತ್ತಿ, “ಅಕ್ಕೋರ, ಬೋರ್ ಯಾರ ಪಾಲಿಗೆ ಬಂತ್ರಿ?” ಎಂದು ಕೇಳಿದಳು. ಅಕ್ಕೋರು ಹಿಂಡಿ ಅವಳ ಕಿವಿ ಕೆಂಪಾಯಿತು, ಪಾಠ ಮುಗಿಯಿತು. ನನ್ನ ದೈವಶಾಸ್ತ್ರವೂ ಅಲ್ಲಿಗೇ ಮುಗಿಯಿತು.

ಅಣ್ಣನದು ಮುಗಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಹಾವೇರಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹೊಸದೊಂದು ಪ್ರಾರ್ಥನೆಯ ಗುಂಪು ಶುರುವಾಯಿತು. ದೇವರು ಒಬ್ಬನೇ, ಅವನೊಳಗೆ ಮೂವರು ಎಂಬುದಿಲ್ಲ. ತಂದೆ, ಮಗ, ಪವಿತ್ರಾತ್ಮ ಎನ್ನುವುದು ಆ ಒಬ್ಬನಿಗೇ ಇರುವ ಮೂರು ಬಿರುದು. ಅವನ ಹೆಸರು ಯೇಸು. ಆದ್ದರಿಂದ ಆ ಒಂದೇ ಹೆಸರಿನಲ್ಲಿ, ಹರಿಯುವ ನೀರಿನಲ್ಲಿ ಪೂರ್ತಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಳ್ಳಬೇಕು. ಇದು ಅವರ ಬೋಧನೆ. ಕೂಸಾಗಿದ್ದಾಗ ತಲೆಯ ಮೇಲೆ ಮೂರು ಹೆಸರು ಹೇಳಿ ನೀರು ಚಿಮುಕಿಸಿಕೊಂಡ ನಮ್ಮಂಥವರದು ಅವರ ಪ್ರಕಾರ ಬರೀ ತಲೆ ತೊಳೆದುಕೊಂಡ ಹಾಗೆ.

ಅಣ್ಣನನ್ನು ಅಲ್ಲಿಗೆ ಎಳೆದದ್ದು ವ್ಯಾಕರಣ. “ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಅಂತೈತಿ. ಹೆಸರಿನಲ್ಲಿ! ಏಕವಚನ ಐತೋ ಇಲ್ಲೋ? ಮೂರು ಮಂದಿ ಇದ್ರ ಹೆಸರುಗಳಲ್ಲಿ ಅಂತ ಇರಬೇಕಿತ್ತು,” ಎಂದು ಅವನು ನನ್ನ ಅಂಗಡಿಯಲ್ಲಿ ಕುರ್ಚಿಗಳ ರಾಶಿಗೆ ಒರಗಿ ನಿಂತು ಹೇಳಿದ. “ನನ್ನ ನೋಡು. ಅವ್ವಗ ಮಗ, ನಿನಗ ಅಣ್ಣ, ಸಾಲ್ಯಾಗ ಮಾಸ್ತರ. ಮೂರು ಮಂದಿ ಕಾಣತೇನೇನು ನಾ?”

“ಇಲ್ಲಣ್ಣ. ಒಬ್ಬಾಂವ ಸಾಕು.”

“ತಿಳೀತಲ್ಲ ಮತ್ತ?”

“ಹೂಂ.”

ರಾಣೆಬೆನ್ನೂರಿನಲ್ಲಿ ನಮ್ಮ ಸಭೆಯ ಬೋಧಕರು, ನಾವು ಅಯ್ನೋರು ಎಂದು ಕರೆಯುವವರು, ಇದಕ್ಕೆ ಉತ್ತರ ಹುಡುಕಿಟ್ಟಿದ್ದರು. “ನಿಮ್ಮಣ್ಣ ಕನ್ನಡ ಮಾಸ್ತರ ಅಂತಾನಲ್ಲ, ಕೇಳು ಅವನ್ನ. ದೇವರು ಅನ್ನೂದರಾಗ ‘ರು’ ಯಾಕ ಬಂತು? ಒಬ್ಬಾಂವನ ಆಗಿದ್ರ ದೇವ ಅಂತಿದ್ವಿ. ರು ಅಂದ್ರ ಬಹುವಚನ ಆತಲ್ಲ? ನೀನರ ಗಟ್ಟಿ ಅದಿಯಲ್ಲೋ?”

“ಹೂಂ ರೀ ಅಯ್ನೋರ. ನಮ್ಮಣ್ಣಂದು ಅತಿ ಆತ್ರಿ.”

ಈ ಮಾತನ್ನು ನಾನೇ ಅಣ್ಣನಿಗೆ ಮುಟ್ಟಿಸಿದೆ. ಅಣ್ಣ ಕುಣಿದಾಡಿದ. “ರು ಇದ್ರೇನಾತು, ಕ್ರಿಯಾಪದ ನೋಡಂತ ಹೇಳು! ನಮ್ಮ ಸತ್ಯವೇದದಾಗ ದೇವರು ಮಾಡಿದನು, ದೇವರು ಹೇಳಿದನು ಅಂತ ಬರತೈತಿ. ಮಾಡಿದರು ಅಂತ ಎಲ್ಲೆರ ಐತೇನು?” ಅಯ್ನೋರು ಇದಕ್ಕೂ ತಯಾರಿದ್ದರು. “ಅದನ್ನ ನಾನೂ ಹೇಳೂದು. ರು ಅಂದ್ರ ಮೂರು, ನು ಅಂದ್ರ ಒಂದು. ಮೂರೂ ಹೌದು ಒಂದೂ ಹೌದು. ಕನ್ನಡದಾಗ ಎಷ್ಟು ಚಂದ ಕುಂತೈತಿ ನೋಡು ತ್ರಿಯೇಕತ್ವ!” ಹೀಗೆ ಸುಮಾರು ದಿನ ನಾನು ರು ಮತ್ತು ನುಗಳನ್ನು ಕುರ್ಚಿಗಳ ಜೊತೆ ಗಾಡಿಯಲ್ಲಿ ಹೇರಿಕೊಂಡು ಎರಡೂ ಊರಿಗೆ ಓಡಾಡಿದೆ. ಇಬ್ಬರಿಗೂ ನಾನು ಅವರ ಕಡೆಯವನೇ ಎಂದು ಖಾತ್ರಿಯಾಗಿತ್ತು. ಊರಿನಲ್ಲಿ ಆಗಲೇ ಒಂದರ ಮಂದಿ, ಮೂರರ ಮಂದಿ ಎಂದು ಹೆಸರು ಬಿದ್ದಿದ್ದವು. ನನ್ನ ಅಂಗಡಿಯ ಎದುರಿನ ಮೆಣಸಿನಕಾಯಿ ವ್ಯಾಪಾರಿ ಒಂದು ದಿನ ಎಲ್ಲ ಕೇಳಿಸಿಕೊಂಡು, “ಮೂರಕ್ಕ ಇಷ್ಟು ಜಗಳಾ ಮಾಡ್ತೀರೇನೋ? ನಮ್ಮ ಮನಿ ದೇವರ ಜಗಲಿ ಮ್ಯಾಲೆ ಎಷ್ಟು ಮಂದಿ ಅದಾರಂತ ನಾವು ಎಣಸೂದಾ ಬಿಟ್ಟೇವಿ,” ಎಂದು ನಕ್ಕ.

ಅವ್ವ ನನ್ನ ಹತ್ತಿರವೇ ಇರುತ್ತಾಳೆ. ಪ್ರತಿ ರವಿವಾರ ಸಂಜೆ ಅಣ್ಣ ಬ್ಯಾಡಗಿಗೆ ಬಂದು ಅವಳ ಜೊತೆ ಪ್ರಾರ್ಥನೆ ಮಾಡಿ, ರೊಟ್ಟಿ ತಿಂದು ಹೋಗುವುದು ರೂಢಿ. ಸುಗ್ಗಿಯಲ್ಲಿ ನಮ್ಮ ಓಣಿಯ ಗಾಳಿಯಲ್ಲಿ ಖಾರವೇ ಇರುತ್ತದೆ. ಹೊಸದಾಗಿ ಬಂದವರು ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಕುಳಿತರೆ ಕಣ್ಣು, ಮೂಗು ಎಲ್ಲ ಸುರಿದು, ಆತ್ಮ ಇಳಿಯಿತು ಎಂದು ತಿಳಿಯುತ್ತಾರೆ. ಅವ್ವನಿಗೆ ರೂಢಿಯಾಗಿದೆ. ಅವಳು ಮನೆಗೆ ಬಂದ ನೆಂಟರನ್ನು ಕರೆದ ಹಾಗೆ ದೇವರನ್ನು ಕರೆಯುತ್ತಾಳೆ. “ಬರ್ರಿ ನಮ್ಮಪ್ಪಾ, ಕುಂದರ್ರಿ, ನಮ್ಮ ಮಕ್ಕಳನ್ನ ಕಾಯ್ರಿ.”

ಒಂದು ರವಿವಾರ ಅಣ್ಣ ಅವಳನ್ನು ನಡುವೆಯೇ ತಡೆದ. “ಅವ್ವಾ, ದೇವರಿಗೆ ರಿ ಹಚ್ಚಬ್ಯಾಡ.”

“ಯಾಕೋ?”

“ಬರ್ರಿ ಅಂದ್ರ ಭಾಳ ಮಂದೀನ ಕರದಂಗ ಆಕ್ಕೈತಿ. ದೇವರು ಒಬ್ಬಾಂವ. ಬಾ ಅನಬೇಕು.”

ಅವ್ವ ಕಣ್ಣು ತೆರೆದಳು. “ನಿಮ್ಮಪ್ಪಗ ಸಾಯೂತನಕಾ ಬರ್ರಿ, ಉಣ್ಣಬರ್ರಿ ಅಂದೇನಿ. ಅವರೇನು ಮೂರು ಮಂದಿ ಇದ್ರೇನು? ಒಬ್ಬಾಂವನ್ನ ಸಂಬಾಳಸೂದಾ ಸಾಕಾಗಿತ್ತು ನನಗ.”

“ಅದು ಗೌರವಕ್ಕ ಅವ್ವಾ.”

“ಹಂಗಾರ ದೇವರಿಗೆ ಬ್ಯಾಡೇನು ಗೌರವ? ಬಸ್ಸಿನ ಕಂಡಕ್ಟರಗ ರಿ ಅಂತೇನಿ, ದೇವರಿಗೆ ಬಾರಲೇ ಅನ್ನಲೇನು?”

ಅಣ್ಣ ನನ್ನ ಕಡೆ ನೋಡಿದ. “ನೀನರ ಹೇಳೋ.” ನಾನು ಅವನಿಗೂ ಹೂಂ ಅಂದೆ, ಅವ್ವನ ಕಡೆ ತಿರುಗಿ ಅವಳಿಗೂ ಹೂಂ ಅಂದೆ.

ನಾನು ಸಿಕ್ಕಿಬಿದ್ದದ್ದು ಮಾತ್ರ ಇನ್ನೊಂದು ಹೂಂಕಾರದಲ್ಲಿ. ಅದೇ ಸಂಜೆ, ಮರುದಿನದ ಒಂದು ಮದುವೆಗೆ ಹೋಗಬೇಕಾದ ಕುರ್ಚಿಯ ಗಾಡಿ ಬಾಗಿಲಲ್ಲಿ ನಿಂತಿತ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ಅಣ್ಣ ನನ್ನ ತೋಳು ಹಿಡಿದುಕೊಂಡಿದ್ದ. “ಕರ್ಜಗಿ ಹಂತ್ಯಾಕ ವರದಾ ಹೊಳ್ಯಾಗ ದೀಕ್ಷಾಸ್ನಾನ ಐತಿ. ನೀನೂ ಇಳಿ. ಅಣ್ತಮ್ಮರು ಕೂಡೇ ಇಳದ್ವಿ ಅಂದ್ರ ಮಂದಿಗೆ ಒಂದು ಸಾಕ್ಷಿ ಆಕ್ಕೈತಿ. ಬರ್ತಿಯಲ್ಲ?” ಹಾರ್ನ್ ಮತ್ತೆ ಕೂಗಿತು. ನಾನು ಹೂಂ ಅಂದೆ. ಅಣ್ಣನ ಕಣ್ಣಲ್ಲಿ ನೀರು ಬಂತು. ಅದು ಮೆಣಸಿನಕಾಯಿಯ ನೀರು ಎಂದು ನಾನು ನನಗೇ ಹೇಳಿಕೊಂಡೆ.

ಆ ಸ್ನಾನಕ್ಕೆ ಒಂದು ವಾರ ಮೊದಲು ಎರಡೂ ಕಡೆಯವರು ಕೂಡಿ ರಾಣೆಬೆನ್ನೂರಿನ ಒಂದು ಕಲ್ಯಾಣ ಮಂಟಪದಲ್ಲಿ ಬಹಿರಂಗ ಚರ್ಚೆ ಇಟ್ಟರು. ಒಂದು ಕಡೆ ಅಯ್ನೋರು, ಇನ್ನೊಂದು ಕಡೆ ಅಣ್ಣ. ಮೈಕ್ ಸೆಟ್ ಯಾರದು ಎಂಬುದಕ್ಕೇ ಮೊದಲ ಜಗಳ. ಕೊನೆಗೆ ಇಬ್ಬರಿಗೂ ನಂಬಿಕೆಯ ಮನುಷ್ಯ ಎಂದು ನನ್ನನ್ನು ಆರಿಸಿದರು.

ಊಟವಾಗಿ ಜನ ತುಂಬಿದ್ದರು. ನಾನು ರೂಢಿಯಂತೆ ಮೈಕ್ ಹಿಡಿದು, “ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್, ಟೂ, ತ್ರೀ,” ಎಂದೆ.

ಎಡಗಡೆಯ ಒಂದರ ಮಂದಿ ಎದ್ದು ನಿಂತರು. “ಏ ಮೈಕಿನಾಂವ! ತ್ರೀ ಯಾಕಂತಿ? ಒನ್ನಿಗೆ ನಿಂದರಸು!”

ತಪ್ಪಾಯಿತು ಎಂದು ನಾನು, “ಹಲೋ, ಒನ್, ಒನ್, ಒನ್,” ಎಂದೆ.

ಬಲಗಡೆಯವರು ಎದ್ದರು. “ಇದೇನ್ರಿ ಇದು, ಚರ್ಚಾ ಶುರು ಆಗೂಕಿಂತ ಮೊದಲಾ ಮೈಕಿನಾಂವ ತೀರ್ಪು ಕೊಟ್ಟನಲ್ಲ!”

“ಕುಂದರ್ರೋ,” ಎಂದು ಅವರಲ್ಲೇ ಒಬ್ಬ ಮುದುಕ ಸಮಾಧಾನ ಹೇಳಿದ. “ಒನ್ ಒನ್ ಒನ್ ಅಂದ್ರ ಕೂಡಿಸಿದ್ರ ಮೂರ ಆತಲ್ಲ.”

ಎಣಿಸುವುದೇ ಬೇಡವೆಂದು ನಾನು ಮೈಕಿಗೆ ಫೂ ಫೂ ಎಂದು ಗಾಳಿ ಊದಿದೆ. ಹಿಂದಿನ ಸಾಲಿನಿಂದ ಯಾರೋ, “ಈಗ ಪವಿತ್ರಾತ್ಮ ಬಂತು ನೋಡ್ರಿ,” ಎಂದರು. ಎರಡೂ ಕಡೆಯವರು ನಕ್ಕರು. ಆ ದಿನ ಅವರು ಕೂಡಿ ನಕ್ಕದ್ದು ಅದೊಂದೇ ಸಲ.

ಚರ್ಚೆ ಶುರುವಾಗುವ ಮೊದಲು ಅಣ್ಣ ಮೈಕಿನಲ್ಲೇ ಪ್ರಾರ್ಥನೆ ಮಾಡಿದ. ವೇದಿಕೆಯ ಮೇಲೆ ಅವನು ಪುಸ್ತಕದ ಕನ್ನಡ ಆಡುತ್ತಾನೆ. “ಕರ್ತನೇ, ನಾನು ಇಂದು ಸುಳ್ಳನ್ನು ಆಡುವುದಾದರೆ ನೀನೇ ನನ್ನ ಬಾಯಿಯನ್ನು ಕಟ್ಟು.” ಆಮೆನ್ ಎಂದು ಎರಡೂ ಕಡೆಯವರು ಗಟ್ಟಿಯಾಗಿ ಕೂಗಿದರು. ನಾನೂ ಕೂಗಿದೆ. ಕೂಗುವಾಗ ನನ್ನ ಕೈ ಮಿಕ್ಸರಿನ ಮೇಲಿತ್ತು.

ರು, ನು ಎಲ್ಲ ಬಂದವು. ಅಯ್ನೋರು ಚೆನ್ನಾಗಿ ಮಾತಾಡಿದರು, ಅಣ್ಣ ಅವರಿಗಿಂತ ಚೆನ್ನಾಗಿ ಮಾತಾಡಿದ. ಇದನ್ನು ನಾನು ಮೂರರ ಮಂದಿಯವನಾಗಿಯೂ ಹೇಳುತ್ತೇನೆ. ಮುಂದಿನ ಸಾಲಿನಲ್ಲಿ ಅವ್ವ ಕುಳಿತಿದ್ದಳು. ಒಂದಕ್ಷರ ತಿಳಿಯದಿದ್ದರೂ ಮಗನ ಮಾತು ನಿಲ್ಲದೆ ಹರಿಯುವುದನ್ನು ನೋಡಿ ಅವಳ ಮುಖ ಅರಳಿತ್ತು. ಆಗ ಅಣ್ಣ ನನ್ನ ಕಡೆ ತಿರುಗಿದ.

“ಇದು ನನ್ನೊಬ್ಬನ ನಂಬಿಕೆಯಲ್ಲ. ಇದಕ್ಕೆ ನನ್ನ ಮನೆಯಲ್ಲಿಯೇ ಒಂದು ಸಾಕ್ಷಿ ಇದೆ. ಇಲ್ಲಿಯೇ ಕುಳಿತಿರುವ ನನ್ನ ತಮ್ಮ...”

ಅಯ್ನೋರು ನನ್ನ ಕಡೆ ನೋಡಲು ಕುತ್ತಿಗೆ ತಿರುಗಿಸುತ್ತಿದ್ದರು. ಅಷ್ಟರಲ್ಲಿ ನನ್ನ ಬೆರಳು ಅಣ್ಣನ ಮೈಕಿನ ಗುಂಡಿಯನ್ನು ಕೆಳಗೆ ಎಳೆದಿತ್ತು.

ಆಮೇಲೆ ಏನು ಮಾಡಬೇಕು ಎಂದು ಯೋಚನೆ ಮಾಡಿರಲಿಲ್ಲ. ಅಣ್ಣನ ದನಿ ತೆಳ್ಳಗಿನದು, ಮೇಲೆ ಫ್ಯಾನುಗಳ ಸದ್ದು. ಅವನ ತುಟಿ ಅಲ್ಲಾಡುತ್ತಿತ್ತು, ಮಾತು ಎರಡನೆಯ ಸಾಲಿಗೂ ಮುಟ್ಟಲಿಲ್ಲ. ಅವನು ಮೈಕನ್ನು ತಟ್ಟಿದ, ನೋಡಿದ, ಮತ್ತೆ ಬಾಯಿ ತೆರೆದ. ಬಲಗಡೆಯಿಂದ ಒಬ್ಬ ಹೆಂಗಸು ಚೀರಿದಳು: “ಬಾಯಿ ಕಟ್ಟಿತು! ಕರ್ತ ಬಾಯಿ ಕಟ್ಟಿದ್ರು!”

ಆ ಮಾತು ಬೀಳುವವರೆಗೆ ನನಗೆ ಅಣ್ಣನ ಪ್ರಾರ್ಥನೆ ನೆನಪಾಗಿರಲಿಲ್ಲ. ನಾನು ಗಡಬಡಿಸಿ ಗುಂಡಿ ಮೇಲೆತ್ತಲು ಹೋದೆ, ಆದರೆ ಆಗಲೇ ಅಣ್ಣ ಮೈಕನ್ನು ಮೇಜಿನ ಮೇಲಿಟ್ಟು ಕುಳಿತುಬಿಟ್ಟಿದ್ದ. ಅಯ್ನೋರು ತಮ್ಮ ಮೈಕ್ ತೆಗೆದುಕೊಂಡು ಸ್ತೋತ್ರ ಎಂದರು. ಅದೇ ಬಾಕ್ಸು, ಅದೇ ಕರೆಂಟು, ಅವರ ದನಿ ಗಂಟೆಯ ಹಾಗೆ ಮೊಳಗಿತು. ಮೂರರ ಮಂದಿ ಎದ್ದು ನಿಂತು ಹಾಡಿದರು. ಒಂದರ ಮಂದಿ, ಇದು ಸೈತಾನನ ಕೆಲಸ ಎಂದು ಕೂಗುತ್ತ ಹೊರಗೆ ನಡೆದರು. ಯಾರೋ ತೆಗೆದ ವಿಡಿಯೋ ಸಂಜೆಯೊಳಗೆ ಹಾವೇರಿಯತನಕ ಎಲ್ಲರ ಮೊಬೈಲಿನಲ್ಲಿತ್ತು. ದೇವರು ಬಂದ್ ಮಾಡಿದನೋ, ಸೈತಾನ ಬಂದ್ ಮಾಡಿದನೋ ಎಂದು ಮತ್ತೊಂದು ಚರ್ಚೆ ಹುಟ್ಟಿಕೊಂಡಿತು. ಅಷ್ಟು ಜನರಲ್ಲಿ ಒಬ್ಬರಾದರೂ ಮೈಕಿನವನನ್ನು ಕೇಳಲಿಲ್ಲ.

ಕೇಳಿದವಳು ಅವ್ವ ಒಬ್ಬಳೇ, ಗಾಡಿಯಲ್ಲಿ ಬ್ಯಾಡಗಿಗೆ ಬರುವಾಗ. “ಮೈಕಿಗೆ ಏನಾಗಿತ್ತೋ?”

“ವಾಯರ್ ಲೂಜ್ ಆಗಿತ್ತವ್ವ.”

“ಮತ್ತ ಎದ್ದು ಹೇಳಬಾರದೇನು?”

“ಹೂಂ, ಹೇಳ್ತೇನಿ.”

ಹೇಳಲಿಲ್ಲ. ವರದಾ ನದಿಯ ರವಿವಾರ ಬಂತು, ಅಣ್ಣ ಇಳಿಯಲಿಲ್ಲ, ನನ್ನನ್ನು ಯಾರೂ ಕರೆಯಲಿಲ್ಲ. ಆ ದಿನ ಬೆಳಿಗ್ಗೆ ನನಗೆ ಹಗುರವೆನಿಸಿತು. ಮಾಡಿದ್ದಕ್ಕಿಂತ ಆ ಹಗುರತನವೇ ಈಗ ನನ್ನನ್ನು ಹೆಚ್ಚು ಸುಡುತ್ತದೆ.

ಅಣ್ಣ ಆ ಮೇಲೆ ಬ್ಯಾಡಗಿಗೆ ಬರಲಿಲ್ಲ. ಅವನ ಹೆಂಡತಿ, ನಮ್ಮ ವೈನಿ, ಫೋನು ಮಾಡಿದಳು. “ನಿಮ್ಮಣ್ಣಗ ಏನಾಗೇತ್ರಿ? ಸಾಲ್ಯಾಗ ಪಾಠ ಎಷ್ಟೋ ಅಷ್ಟ. ಮನ್ಯಾಗ ಮಾತ ಇಲ್ಲ. ಪ್ರಾರ್ಥನಾ ಸುದ್ದಾ ಮನಸಿನ್ಯಾಗ ಮಾಡಾಕತ್ತಾರ. ಮೊನ್ನೆ ಬಾಜೂಕಿನವರ ಮನಿ ಬೋರ್ಡಿನಾಗ ‘ನಿಲಯ’ಕ್ಕ ದೊಡ್ಡ ‘ಳ’ ಹಾಕ್ಯಾರ. ನೋಡಿ ಸುಮ್ನ ಒಳಗ ಬಂದ್ರು! ನನಗ ಅಂಜಿಕಿ ಬರಾಕತ್ತೇತಿ.” ಒಂದರ ಮಂದಿಯೂ ಅವನಿಗೆ ಬೋಧನೆಗೆ ನಿಲ್ಲಲು ಹೇಳುತ್ತಿರಲಿಲ್ಲ. ದೇವರು ಒಮ್ಮೆ ಮುಚ್ಚಿದ ಬಾಯಿ, ತೆರೆಯಬಹುದೋ ಬಾರದೋ ಎಂದು ಅವರಿಗೂ ಅನುಮಾನ.

ನಾನು ಹೇಳಿಬಿಡಬೇಕೆಂದು ಹಾವೇರಿಗೆ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಚೀಲ ಮೆಣಸಿನಕಾಯಿ ಒಯ್ದೆ. ಅಣ್ಣ ಬಾಗಿಲು ತೆರೆದು ನನ್ನನ್ನು ನೋಡಿದ. ಚೀಲ ಕೊಟ್ಟು ಬಂದೆ. ಮುಂದಿನ ವಾರ ಮತ್ತೆ ಹೋದೆ, ಮತ್ತೊಂದು ಚೀಲ. ಅದರ ಮುಂದಿನ ವಾರ ಇನ್ನೊಂದು. ಕೊನೆಗೆ ವೈನಿ ಬಾಗಿಲಲ್ಲೇ ನನ್ನನ್ನು ತಡೆದ ಹಾಗೆ ನಿಂತಳು. “ನಮ್ಮನ್ಯಾಗ ಇನ್ನ ಮೆಣಸಿನಕಾಯಿ ಇಡಾಕ ಜಾಗಾ ಇಲ್ರಿ. ಏನು ಹೇಳಬೇಕಂತ ಬರಾಕತ್ತೀರೋ ಅದನ್ನ ಹೇಳಿಬಿಡ್ರಿ.”

ಅಣ್ಣ ನನ್ನನ್ನು ಕಳಿಸಲು ಬಸ್‌ಸ್ಟ್ಯಾಂಡಿನತನಕ ಬಂದ. ಇಬ್ಬರೂ ಒಂದು ಕಲ್ಲಿನ ಬೆಂಚಿನ ಮೇಲೆ ಕುಳಿತೆವು. ಬ್ಯಾಡಗಿಯ ಬಸ್ಸು ಬಂದು ನಿಂತಿತು. ಇನ್ನು ಹೇಳದಿದ್ದರೆ ಮತ್ತೊಂದು ಚೀಲ ಎಂದು ನನಗೆ ಗೊತ್ತಾಯಿತು.

“ಅಣ್ಣ, ಅವತ್ತ ಮೈಕ್ ಬಂದ್ ಮಾಡಿದಾಂವ ಸೈತಾನ ಅಲ್ಲ.”

“ಗೊತ್ತೈತಿ,” ಎಂದ ಅಣ್ಣ ಮೆಲ್ಲಗೆ. “ದೇವರ.”

“ದೇವರೂ ಅಲ್ಲಣ್ಣ. ನಾನು.”

ಅವನು ನನ್ನ ಮುಖ ನೋಡಿದ. “ನೀ ಅಂದ್ರ?”

“ಗುಂಡಿ ಕೆಳಗ ಎಳದೆ.”

“ಯಾವ ಶಬ್ದಕ್ಕ?”

“ನನ್ನ ತಮ್ಮ ಅಂದಿದ್ದಿ. ಅಲ್ಲಿಗೆ.”

“ಯಾಕ?”

“ನಾ ಹೊಳಿಗೆ ಬರಾಂವ ಇದ್ದಿದ್ದಿಲ್ಲಣ್ಣ. ಅಯ್ನೋರ ಮುಂದ ನೀ ಹೇಳಿಬಿಡ್ತಿ ಅಂತ ಅಂಜಿಕಿ ಬಂತು.”

“ಬರಾಂವ ಇಲ್ಲಂದ್ರ ಹೂಂ ಯಾಕಂದಿ?”

“ಕುರ್ಚಿ ಗಾಡಿ ನಿಂತಿತ್ತಣ್ಣ. ಹಾರ್ನ್ ಹೊಡ್ಯಾಕತ್ತಿದ್ದ.”

ಅಣ್ಣ ಎದ್ದು ನಿಂತ. ಆಮೇಲೆ ಅವನ ಬಾಯಿಂದ ಬಂದ ಮಾತುಗಳಿಗೆ ಮೈಕ್ ಬೇಕಾಗಿರಲಿಲ್ಲ. ಕಾಗಿನೆಲೆಯ ಬಸ್ಸಿನಲ್ಲಿ ಕುಳಿತಿದ್ದವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. “ನೀ ನಾಮಪದಾನೂ ಅಲ್ಲ, ಕ್ರಿಯಾಪದಾನೂ ಅಲ್ಲಲೇ! ಬರೇ ಒಂದು ಪ್ರತ್ಯಯ! ಯಾರು ಮುಂದ ಬಂದ್ರೂ ಅವರ ಬೆನ್ನಿಗೆ ಹತ್ತಿಬಿಡ್ತಿ! ನಿನಗ ಸ್ವಂತ ಅರ್ಥನ ಇಲ್ಲ! ನಾ ದಿನಾ ರಾತ್ರಿ ದೇವರ ಮುಂದ ಕುಂತು ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ ಹುಡಕಾಕತ್ತೇನಿ, ನೀ ಮೆಣಸಿನಕಾಯಿ ತಂದು ಕೊಡ್ತಿ!” ಒಬ್ಬ ಹಮಾಲ ನಡುವೆ ಬಂದು, “ಬಿಡ್ರಿ ಸರ, ಏನು ಕದ್ದಾನ?” ಎಂದು ಕೇಳಿದ. “ಒಂದು ವಾಕ್ಯ ಕದ್ದಾನ!” ಎಂದು ಅಣ್ಣ ಅವನಿಗೂ ಒದರಿದ. ನನ್ನ ಬಸ್ಸು ಹೋಯಿತು, ಅದರ ಹಿಂದಿನ ಬಸ್ಸೂ ಹೋಯಿತು. ಅಷ್ಟು ದಿನದಿಂದ ಕೇಳದ ದನಿ ಕೇಳಿ ನನಗೆ ಅಳು ಬಂತು, ಜೊತೆಗೆ ಸ್ವಲ್ಪ ಸಂತೋಷವೂ ಆಯಿತು.

ಕೊನೆಗೆ ಅವನು ಉಸಿರು ತೆಗೆದುಕೊಂಡು ಹೇಳಿದ. “ನನ್ನ ಮುಂದ ಹೇಳಿದ್ದು ಆತು. ಆದ್ರ ನೀ ಬಂದ್ ಮಾಡಿದ್ದು ಮಂದಿ ಮುಂದ. ಮಂದಿ ಮುಂದನ ಹೇಳು. ಅಲ್ಲಿತನಕಾ ನಿನ್ನ ಹೊಸ್ತಲಾ ತುಳಿಯೂದಿಲ್ಲ. ಅವ್ವಗ ಹಂಗಂತ ಹೇಳು.”

ನಾನು ಮೊದಲು ಅಯ್ನೋರ ಹತ್ತಿರ ಹೋದೆ. ನಡೆದದ್ದನ್ನು ಹೇಳಿದೆ. ಆ ದಿನದ ನಂತರ ಸಭೆಗೆ ಜನ ಹೆಚ್ಚಾಗಿದ್ದರು. ಬಿಟ್ಟುಹೋದ ಎರಡು ಮನೆಯವರು ವಾಪಸ್ಸು ಬಂದಿದ್ದರು. “ಅಲ್ಲೋ, ನೀ ಬಂದ್ ಮಾಡಿದ್ಯೋ, ದೇವರ ನಿನ್ನ ಕೈಲೆ ಬಂದ್ ಮಾಡಿಸಿದ್ರೋ? ಅದನ್ನ ವಿಚಾರ ಮಾಡು,” ಎಂದರು ಅಯ್ನೋರು. ನನ್ನ ಬಾಯಿಂದ ತಾನಾಗಿಯೇ ಹೂಂ ಬಂತು. ಅಲ್ಲಿಂದ ಹಾವೇರಿಗೆ ಹೋಗಿ, ಒಂದರ ಮಂದಿಯ ಹಿರಿಯರಿಗೆ ಹೇಳಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, “ತಮ್ಮಾ, ಸೈತಾನ ನಿನ್ನ ಕೈಲೆ ಮಾಡಿಸ್ಯಾನ. ನಾವು ಹೇಳಿದ್ದೂ ಅದನ್ನ ಅಲ್ಲೇನು?” ಎಂದರು. ಅವರಿಗೂ ಹೂಂ ಅಂದೆ. ನನ್ನ ಕೈ ನನ್ನೊಬ್ಬನನ್ನು ಬಿಟ್ಟು ಎಲ್ಲರದೂ ಆಗಿತ್ತು.

ಅವ್ವ ರವಿವಾರ ಸಂಜೆ ಅಣ್ಣನಿಗೆಂದು ರೊಟ್ಟಿ ಬಡಿಯುವುದನ್ನು ಬಿಟ್ಟಿರಲಿಲ್ಲ. ಸೋಮವಾರ ಬೆಳಿಗ್ಗೆ ಅವನ್ನು ನನಗೆ ಬಡಿಸುತ್ತಿದ್ದಳು. “ತಿನ್ನು, ನಿಮ್ಮಣ್ಣಂವು,” ಎನ್ನುತ್ತಿದ್ದಳು.

ಈ ವರ್ಷ ಹಾವೇರಿಯಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆ ಆಯಿತು. ರಕ್ತಸಂಬಂಧ ದೊಡ್ಡದು, ಮೂರರ ಮಂದಿ, ಒಂದರ ಮಂದಿ ಇಬ್ಬರೂ ಬಂದಿದ್ದರು. ಮೈಕ್ ಸೆಟ್ ನನ್ನದೇ. ವಧೂವರರಿಗೆ ಸಂದೇಶ ಕೊಡಲು ಹೊರಗಿನ ಊರಿನಿಂದ ಒಬ್ಬ ಬೋಧಕರನ್ನು ಕರೆಸಿದ್ದರು. ಅವರು ಗಂಡ ಹೆಂಡತಿ ಅಹಂಕಾರ ಬಿಡಬೇಕು ಎಂದು ಶುರುಮಾಡಿ, ಅಹಂಕಾರಕ್ಕೆ ಒಂದು ಉದಾಹರಣೆ ಕೊಟ್ಟರು.

“ನಿಮ್ಮ ಸೀಮೆಯಲ್ಲಿಯೇ ನಡೆದ ಸಂಗತಿ. ಒಬ್ಬ ಮಾಸ್ತರನು ತ್ರಿಯೇಕ ದೇವರನ್ನು ಅಲ್ಲಗಳೆದು ಮಾತಾಡುತ್ತಿರುವಾಗ ಕರ್ತನು ಅವನ ಬಾಯಿಯನ್ನು ಕಟ್ಟಿದನು! ಮೈಕಿನಿಂದ ಕಿಡಿ ಹಾರಿತು! ಬಾಕ್ಸಿನಿಂದ ದಟ್ಟವಾದ ಹೊಗೆ ಬಂದಿತು!”

ಅವರಿಗೆ ಆ ಮಾಸ್ತರ ಮೂರನೆಯ ಸಾಲಿನಲ್ಲೇ ಕುಳಿತಿದ್ದಾನೆಂದು ಗೊತ್ತಿರಲಿಲ್ಲ. ಉಳಿದವರಿಗೆಲ್ಲ ಗೊತ್ತಿತ್ತು. ಇಡೀ ಮಂಟಪ ಅಣ್ಣನ ಕಡೆ ತಿರುಗಿತು. ಅಣ್ಣ ತನ್ನ ಅಂಗೈ ನೋಡುತ್ತ ಕುಳಿತಿದ್ದ. ಅವನ ಪಕ್ಕದಲ್ಲಿ ಅವ್ವ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ನನ್ನ ಮೇಜಿನ ಮೇಲೆ ಯಾವಾಗಲೂ ಒಂದು ಹೆಚ್ಚಿನ ಮೈಕ್ ಇರುತ್ತದೆ. ಅದನ್ನು ಎತ್ತಿಕೊಂಡೆ. ಏನು ಹೇಳಬೇಕು ಎಂದು ತಯಾರಿ ಇರಲಿಲ್ಲ. ಬಾಯಿಗೆ ಬಂದದ್ದು ಉದ್ಯೋಗದ ಮಾತು.

“ಹೊಗಿ ಬಂದಿದ್ದಿಲ್ರಿ.”

ನಾಲ್ಕೂ ಮೂಲೆಯ ಬಾಕ್ಸುಗಳಿಂದ ದನಿ ಬಂತು. ಬೋಧಕರು ಚಾವಣಿಯ ಕಡೆ ನೋಡಿದರು. ಹಿಂದೆ ಯಾರೋ ಸ್ತೋತ್ರ ಎಂದರು.

“ನಾ ಮೈಕಿನಾಂವ ಮಾತಾಡಾಕತ್ತೇನ್ರಿ. ಕಿಡಿನೂ ಹಾರಿಲ್ಲ. ನನ್ನ ಸಾಮಾನು ಚಲೋ ಅದಾವು. ಆ ಮೈಕ್ ನಾ ಬಂದ್ ಮಾಡಿದ್ದೆ.”

ಮುಂದಿನ ಸಾಲಿನಲ್ಲಿದ್ದ ಅಯ್ನೋರು ನನ್ನ ಕಡೆ ತಿರುಗಿ, ಎರಡು ಬೆರಳು ಕೂಡಿಸಿ ಗುಂಡಿ ತಿರುವುವ ಹಾಗೆ ಸನ್ನೆ ಮಾಡಿದರು. ಬಂದ್ ಮಾಡು, ಬಂದ್ ಮಾಡು. ಒಂದರ ಮಂದಿಯ ಹಿರಿಯರೂ ಆ ಕಡೆಯಿಂದ ಅದೇ ಸನ್ನೆ ಮಾಡುತ್ತಿದ್ದರು. ಬಂದ್ ಮಾಡುವ ಗುಂಡಿ ನನ್ನ ಕೈಯ ಕೆಳಗೇ ಇತ್ತು. ನನ್ನ ಮಾತು ನಿಂತಿತು. ಹಿರಿಯರು, ಇಬ್ಬರೂ ಹೇಳುತ್ತಿದ್ದಾರೆ ಎಂದು ಬೆರಳು ತಾನಾಗಿಯೇ ಗುಂಡಿಯ ಕಡೆ ಸರಿಯಿತು ಕೂಡ.

“ಮುಂದ ಹೇಳೋ,” ಎಂದು ಮೂರನೆಯ ಸಾಲಿನಿಂದ ಅಣ್ಣ ಕೂಗಿದ. “ಅರ್ಧಕ್ಕ ನಿಂದರಸಬ್ಯಾಡ. ವಾಕ್ಯ ಮುಗಸು.”

ಮುಗಿಸಿದೆ. ಕುರ್ಚಿಯ ಗಾಡಿ, ಹಾರ್ನು, ಇಬ್ಬರಿಗೂ ಅಂದ ಹೂಂ, ಅಯ್ನೋರು ಹೇಳಿದ್ದು, ಆ ಹಿರಿಯರು ಹೇಳಿದ್ದು, ಎಲ್ಲವನ್ನೂ ಹೇಳಿದೆ. ಮದುವೆಯ ಹುಡುಗಿ ಹೂವಿನ ಗುಚ್ಛದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಬೋಧಕರು ಲಗೂನೆ ಆಶೀರ್ವಾದ ಹೇಳಿ ಇಳಿದರು.

ಊಟಕ್ಕೆ ಕುಳಿತಾಗ ಮೂರರ ಮಂದಿ ಮತ್ತು ಒಂದರ ಮಂದಿ ಒಂದೇ ಸಾಲಿನಲ್ಲಿ ಕುಳಿತು ನನ್ನನ್ನು ಬೈದರು. ದೇವರ ಮೇಲೆ ಅಪವಾದ ಹೊರಿಸಿದವನು ಎಂದು ಒಬ್ಬರೆಂದರೆ, ಸೈತಾನನ ಮೇಲೂ ಹೊರಿಸಿದ್ದಾನೆ ಎಂದು ಎದುರಿನವರು ಕೂಡಿಸಿದರು. ನನ್ನ ಎಡಬಲದ ಎಲೆ ಖಾಲಿ ಇದ್ದವು. ಅಣ್ಣ ಬಂದು ಒಂದರ ಮುಂದೆ ಕುಳಿತ. ನನ್ನ ಮುಖ ನೋಡಲಿಲ್ಲ. ಅನ್ನ ಕಲಸುತ್ತ ಕೇಳಿದ.

“ಈಗ ಖರೇ ಹೇಳು. ಹೊಳಿಗೆ ಬರ್ತಿಯೋ ಇಲ್ಲೋ?”

“ಬರೂದಿಲ್ಲಣ್ಣ.”

“ಯಾಕ?”

“ಕೂಸಿದ್ದಾಗ ಹಾಕ್ಯಾರಲ್ಲ, ಅದ ಸಾಕು ಅನಸ್ತೈತಿ. ಮೂರು ಹೆಸರಾಗ ಹಾಕಿದ್ದು.”

“ಅನಸ್ತೈತಿ ಅಂದ್ರ ಆಗೂದಿಲ್ಲ,” ಎಂದು ಅಣ್ಣ ಎಲೆಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದ. “ಆಧಾರ ಕೊಡು. ರವಿವಾರ ಬರ್ತೇನಿ, ತಯಾರಾಗಿ ಕುಂದರು.”